ನುಂಗಿದ ಬೆಳಕು

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಒಂದು ಮೂಟೆ ಕಡಲೆಕಾಯಿ ರಾತ್ರಿ ಕಳೆಯುವುದರೊಳಗೆ ಮಾಯವಾಗುತ್ತದೆ. ಸಾಹುಕಾರನ ಮಾಲು, ಕದ್ದು ತಂದದ್ದು. ಸಾಕವ್ವನ ಮನೆಯ ದೊಡ್ಡವರು ಚಿಕ್ಕವರೆಲ್ಲ ಬೆಂಕಿಯ ಸುತ್ತ ಕೂತು ತಿಂದು ಮುಗಿಸುತ್ತಾರೆ. ಪೊಲೀಸರು ಬಂದು ಮನೆ ಜಾಲಾಡುತ್ತಾರೆ, ಮೂಟೆ ಸಿಗುವುದಿಲ್ಲ. ಮಾಲು ಎಲ್ಲಿಗೂ ಹೋಗಿಲ್ಲ; ಪೊಲೀಸರ ಎದುರಿಗೇ ನಿಂತಿದೆ, ಆ ಮನೆಯವರ ಹೊಟ್ಟೆಗಳೊಳಗೆ. ಅಲ್ಲಿಗೆ ಇಳಿದು ನೋಡುವ ಕಣ್ಣು ಸರ್ಕಾರದ ಹತ್ತಿರ ಇರಲಿಲ್ಲ.

ಸರ್ಕಾರಕ್ಕಿರಲಿ, ಹೊಟ್ಟೆ ಯಾರದೋ ಅವರಿಗೇ ಅದು ಕಾಣದ ಜಾಗ. ಕೈಯನ್ನು ನೋಡಿಕೊಳ್ಳಬಹುದು, ಕನ್ನಡಿಯಲ್ಲಿ ಮುಖವನ್ನು ನೋಡಿಕೊಳ್ಳಬಹುದು. ಹೊಟ್ಟೆಯ ಒಳಗನ್ನು ಮನುಷ್ಯ ತಿಳಿದದ್ದು ಉರಿಯಾಗಿ, ನುಲಿತವಾಗಿ, ಹುಳಿತೇಗಾಗಿ, ಹಸಿವಾಗಿ. ಬದುಕಿರುವ ಜಠರವೊಂದು ವೈದ್ಯನ ಕಣ್ಣಿಗೆ ವರ್ಷಗಟ್ಟಲೆ ಕಾಣಸಿಕ್ಕಿದ್ದು ಒಂದು ಅಪಘಾತದಿಂದ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಕೂಲಿಯಾಳಿಗೆ ಹತ್ತಿರದಿಂದ ಗುಂಡು ತಗುಲಿತು. ಆತ ಉಳಿದುಕೊಂಡ, ಆದರೆ ಹೊಟ್ಟೆಯ ತೂತು ಮುಚ್ಚಲಿಲ್ಲ. ಸೇನೆಯ ವೈದ್ಯ ವಿಲಿಯಂ ಬ್ಯೂಮಾಂಟ್ ದಾರಕ್ಕೆ ಮಾಂಸದ ಚೂರು ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಎಷ್ಟು ಹೊತ್ತಿಗೆ ಕರಗುತ್ತದೆಂದು ಎಳೆದೆಳೆದು ನೋಡಿದ. 1833ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದ. ಜೀರ್ಣಕ್ರಿಯೆಯ ಎಷ್ಟೋ ಪಾಠಗಳು ಸಿಕ್ಕಿದ್ದು ಒಬ್ಬ ಬಡವನ ಮುಚ್ಚದ ಗಾಯದಿಂದ ಎಂಬುದನ್ನು ವಿಜ್ಞಾನದ ಪುಸ್ತಕಗಳು ಅಷ್ಟೊಂದು ಒತ್ತಿ ಹೇಳುವುದಿಲ್ಲ.

ದೇವನೂರಿನ ನಮ್ಮ ದೊಡ್ಡವ್ವನ ಕಣ್ಣು ಹಳದಿಯಾದಾಗ ಊರಿನ ರೂಢಿಯಂತೆ ಮೊದಲು ಕಾಮಾಲೆ ಸೊಪ್ಪಿನ ಔಷಧಿಯೇ ಆಯಿತು. ಮೈಯೆಲ್ಲ ನವೆ, ಮೂತ್ರ ಕೆಂಪು, ಪಕ್ಕೆಯಲ್ಲಿ ಬಂದು ಬಂದು ಹೋಗುವ ನೋವು. ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರುವುದು ಗೊತ್ತಾಯಿತು. ದಾರಿಗೆ ಕಲ್ಲು ಅಡ್ಡ ಕೂತಿರುವ ಕಾಮಾಲೆಗೆ ಸೊಪ್ಪು ಏನೂ ಮಾಡಲಾರದು. ಮೈಸೂರಿನ ವೈದ್ಯರು ಹೊಟ್ಟೆ ಕುಯ್ಯುವುದು ಬೇಡ, ಬಾಯಿಂದಲೇ ಹೋಗಿ ತೆಗೆಯುತ್ತೇವೆ ಅಂದರು. ಬಸ್ಸಿನಲ್ಲಿ ದೊಡ್ಡವ್ವ ಕೇಳಿದಳು: “ಅಲ್ಲಕಣ ಮಗ, ಬಾಯಲ್ಲಿ ಪೈಪ್ ಬುಟ್ಟು ಹೊಟ್ಟ ನೋಡ್ತರಂತಲ್ಲ, ಹೊಟ್ಟ ಒಳಗ ದೀಪ ಯಾರ್ ಹಚ್ಚಿರ್ತರ?”

ಆಗ ನನಗೆ ಉತ್ತರ ಹೊಳೆಯಲಿಲ್ಲ. ಬಸ್ಸು ನಂಜನಗೂಡು ದಾಟುತ್ತಿತ್ತು. ಅವಳು ಶ್ರೀಕಂಠೇಶ್ವರನ ಗೋಪುರದ ಕಡೆಗೆ ಕೈಮುಗಿದಳು. ಕಾಯಿಲೆಯವರು ಕಪಿಲೆಯಲ್ಲಿ ಮುಳುಗಿ ಉರುಳುಸೇವೆ ಮಾಡುವ ಊರು ಅದು. ಪಟ್ಟದಾನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನ ಈ ದೇವರನ್ನು ಹಕೀಮ್ ನಂಜುಂಡನೆಂದು ಕರೆದ ಎಂಬ ಮಾತು ಅಲ್ಲಿ ಈಗಲೂ ಓಡಾಡುತ್ತದೆ. ಆದರೆ ಈ ಹಕೀಮನ ಪುರಾಣದಲ್ಲಿ ನನ್ನನ್ನು ಕಾಡುವುದು ಲೋಕ ಉಳಿಸಲು ವಿಷ ಕುಡಿದದ್ದಕ್ಕಿಂತ ಹೆಚ್ಚಾಗಿ ಅದನ್ನು ಗಂಟಲಲ್ಲೇ ನಿಲ್ಲಿಸಿಕೊಂಡದ್ದು. ಶರೀರಶಾಸ್ತ್ರ ಒಪ್ಪದ ಪವಾಡ ಅಲ್ಲಿದೆ. ಬಾಯಲ್ಲಿರುವ ತನಕ ತುತ್ತು ನಮ್ಮ ಮಾತು ಕೇಳುತ್ತದೆ: ಅಗಿಯಬಹುದು, ಉಗಿಯಬಹುದು, ಕೆನ್ನೆಯೊಳಗೆ ಇಟ್ಟುಕೊಂಡೇ ಕೂರಬಹುದು. ಗಂಟಲು ದಾಟಿತೋ, ಮುಗಿಯಿತು. ಅಲ್ಲಿಂದ ಕೆಳಗೆ ನುಂಗುವವನ ಇಷ್ಟಾನಿಷ್ಟ ನಡೆಯುವುದಿಲ್ಲ. ಒಂದಂಗುಲಕ್ಕೆ ಕಡಿಮೆ ಅಗಲದ, ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ ಮೇಲಿನಿಂದ ಹಿಂಡುತ್ತ, ಕೆಳಗೆ ಸಡಿಲಿಸುತ್ತ, ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ತುತ್ತನ್ನು ಜಠರಕ್ಕೆ ಮುಟ್ಟಿಸುತ್ತದೆ. ತಲೆಕೆಳಗಾಗಿ ನಿಂತರೂ ಮುಟ್ಟಿಸುತ್ತದೆ. ಹೀಗೆ ಹಿಂದೆ ಹಿಂಡಿ ಮುಂದೆ ಸಡಿಲಿಸುವ ಕರುಳಿನ ಕಟ್ಟಳೆಯನ್ನು 1899ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಲಂಡನ್ನಿನಲ್ಲಿ ತೋರಿಸಿದರು. ಕರುಳಿನ ಗೋಡೆಯಲ್ಲಿಯೇ ಕೋಟಿಗಟ್ಟಲೆ ನರಕೋಶಗಳಿವೆ. ದಿನದ ಬಹುಪಾಲು ಕೆಲಸಕ್ಕೆ ಅವು ಮಿದುಳಿನ ಅಪ್ಪಣೆ ಕಾಯುವುದಿಲ್ಲ.

ಗಂಟಲು ಒಪ್ಪದೆ ಏನೂ ಒಳಗೆ ಹೋಗುವುದಿಲ್ಲ, ಒಪ್ಪಿದ ಮೇಲೆ ಏನನ್ನೂ ತಡೆಯುವುದಿಲ್ಲ. ನಮ್ಮ ಹಠಯೋಗಿಗಳು ಇದನ್ನು ಚೆನ್ನಾಗಿ ಅರಿತಿದ್ದರು. ನಾಲ್ಕು ಬೆರಳಗಲ, ಹದಿನೈದು ಮೊಳ ಉದ್ದದ ಒದ್ದೆ ಬಟ್ಟೆಯನ್ನು ಮೆಲ್ಲಮೆಲ್ಲಗೆ ನುಂಗಿ ಮತ್ತೆ ಹೊರಕ್ಕೆಳೆಯುವ ವಸ್ತ್ರಧೌತಿ ಹಠಯೋಗ ಪ್ರದೀಪಿಕೆಯಲ್ಲಿದೆ. ಬೀದಿಯಲ್ಲಿ ಕತ್ತಿ ನುಂಗುವವರೂ ಇದೇ ವಿದ್ಯೆಯನ್ನು ಹೊಟ್ಟೆಪಾಡಿಗೆ ಪಳಗಿಸಿಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಲ್ಲಿಂದ ಲಂಡನ್ನಿಗೆ ಹೋದ ರಾಮೋ ಸಾಮಿ ಎಂಬಾತ ಕತ್ತಿ ನುಂಗಿ ಯುರೋಪು ಅಮೆರಿಕಗಳನ್ನೆಲ್ಲ ಬೆರಗುಗೊಳಿಸಿದ. ವೈದ್ಯರು ಈ ವಿದ್ಯೆಗೆ ಶಿಷ್ಯರಾದದ್ದು ತಡವಾಗಿ: 1868ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಅಡಾಲ್ಫ್ ಕುಸ್ಮೌಲ್ ಕತ್ತಿ ನುಂಗುವವನೊಬ್ಬನ ಗಂಟಲಿಗೆ 47 ಸೆಂಟಿಮೀಟರ್ ಉದ್ದದ ಲೋಹದ ಕೊಳವೆ ಇಳಿಸಿದ. ಕೊಳವೆ ಜಠರ ಮುಟ್ಟಿತು. ಆದರೆ ಹೊರಗೆ ಹಿಡಿದ ದೀಪದ ಬೆಳಕು ಅಷ್ಟು ಆಳಕ್ಕೆ ಸಾಲಲಿಲ್ಲ. ದಾರಿ ಸಿಕ್ಕಿತು, ಏನೂ ಕಾಣಲಿಲ್ಲ. ದೊಡ್ಡವ್ವನ ಪ್ರಶ್ನೆ ಕುಸ್ಮೌಲನದೂ ಆಗಿತ್ತು.

ಬೆಳಕಿಗೆ ನೇರ ಹೋಗುವುದೊಂದೇ ಗೊತ್ತು, ಹೊಟ್ಟೆಯ ದಾರಿ ನೇರವಿಲ್ಲ. ರುಡಾಲ್ಫ್ ಶಿಂಡ್ಲರ್ 1932ರಲ್ಲಿ ಸಾಲುಸಾಲು ಮಸೂರಗಳಿಟ್ಟು ಸ್ವಲ್ಪ ಬಾಗುವ ಕೊಳವೆ ಮಾಡಿಸಿದ. ಅದೂ ಬಾಗಿದ್ದು ಅಷ್ಟಕ್ಕಷ್ಟೇ. ಬೆಳಕನ್ನು ಬಳಸುದಾರಿಯಲ್ಲಿ ನಡೆಸಲು ಕಲಿಸಿದ್ದು ಗಾಜಿನ ಎಳೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ತನ್ನ ಗುರು ಹೆರಾಲ್ಡ್ ಹಾಪ್‌ಕಿನ್ಸ್ ಜೊತೆ ಸೇರಿ, ಕೂದಲೆಳೆಯಂಥ ಗಾಜಿನ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ. ಒಂದೊಂದು ಎಳೆ ಒಂದೊಂದು ಚುಕ್ಕೆಯನ್ನು ಹೊತ್ತು ನಡೆಯುತ್ತದೆ. ಎಳೆ ಎಷ್ಟೇ ಬಾಗಿದರೂ ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ಮುಂದಕ್ಕೇ ಸಾಗುತ್ತದೆ. ಅದನ್ನೋದಿದ ಬೇಸಿಲ್ ಹಿರ್ಶೊವಿಟ್ಜ್ ಮಿಷಿಗನ್ನಿನಲ್ಲಿ ಕೆಲಸಕ್ಕಿಳಿದ. ಬೆಳಕು ಸೋರದಂತೆ ಒಂದು ಗಾಜಿನ ಎಳೆಗೆ ಇನ್ನೊಂದು ಬಗೆಯ ಗಾಜಿನ ಹೊದಿಕೆ ತೊಡಿಸಿದವನು ಲಾರೆನ್ಸ್ ಕರ್ಟಿಸ್, ಇನ್ನೂ ಪದವಿಯೂ ಮುಗಿಯದ ಹುಡುಗ. 1957ರ ಆರಂಭದಲ್ಲಿ ಹಿರ್ಶೊವಿಟ್ಜ್ ಆ ಕೊಳವೆಯನ್ನು ಮೊದಲು ತಾನೇ ನುಂಗಿದ, ಆಮೇಲೆ ರೋಗಿಗೆ ನುಂಗಿಸಿದ. ಈ ಕ್ರಮ ನನಗೆ ಬಹಳ ಇಷ್ಟ. ಈಗ ತುದಿಯಲ್ಲೇ ಪುಟ್ಟ ಕ್ಯಾಮೆರಾ ಕೂತಿರುವುದರಿಂದ ಚಿತ್ರ ಬರುವುದು ತಂತಿಯಲ್ಲಿ. ಹೊಟ್ಟೆಯೊಳಗೆ ದೀಪ ಹಚ್ಚಿಟ್ಟವರು ಯಾರೂ ಇಲ್ಲ ದೊಡ್ಡವ್ವ, ಅದನ್ನು ನೀನೇ ನುಂಗಬೇಕು.

ಅವಳು ನುಂಗಿದ್ದನ್ನು ನಾನು ಬಾಗಿಲಿನ ಆಚೆ ನಿಂತು ಕೇಳಿಸಿಕೊಂಡೆ. ಗಂಟಲಿಗೆ ಜೋಮು ಹಿಡಿಸುವ ಔಷಧಿ ಸಿಂಪಡಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಬಳೆಯಂಥದ್ದನ್ನು ಕಚ್ಚಿಸಿ, ಮಂಪರು ಬರುವ ಮುನ್ನ ಸಿಸ್ಟರ್ ಹೇಳುತ್ತಿದ್ದರು: “ಅಜ್ಜಿ, ಮುದ್ದೆ ನುಂಗ್ತೀರಲ್ಲ, ಹಂಗೇ ನುಂಗಿಬಿಡಿ.” ಎಲ್ಲ ಊರಿನ ರೋಗಿಗಳಿಗೂ ಈ ಮಾತು ಹೇಳಲಾಗುವುದಿಲ್ಲ. ರಾಗಿಮುದ್ದೆಯನ್ನು ಅಗಿಯದೆ ನುಂಗಿಯೇ ಮುದುಕಿಯಾದವಳಿಗೆ ಗಂಟಲಿನ ವಿದ್ಯೆಯಲ್ಲಿ ಯಾವ ಕತ್ತಿ ನುಂಗುವವನೂ ಸಾಟಿಯಲ್ಲ. ಶಸ್ತ್ರಚಿಕಿತ್ಸೆಯೆಂದರೆ ರೋಗಿ ಸುಮ್ಮನೆ ಮಲಗುವುದು, ವೈದ್ಯ ಕೆಲಸ ಮಾಡುವುದು. ಇಲ್ಲಿ ಮೊದಲ ಕೆಲಸ ರೋಗಿಯದು. ಅವಳು ನುಂಗದೆ ವೈದ್ಯನಿಗೆ ಪ್ರವೇಶವಿಲ್ಲ.

ಆಮೇಲೆ ವೈದ್ಯರು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದರು. ನಾನು ಕತ್ತಲನ್ನು ನೆನೆದು ಹೋದವನು. ಕಂಡದ್ದು ಒದ್ದೊದ್ದೆ ಹೊಳೆಯುವ ನಸುಗೆಂಪು. ಅನ್ನನಾಳ ಮಾಸಲು ಬಿಳಿ. ಜಠರ ಶುರುವಾಗುವಲ್ಲಿ ಬಣ್ಣ ಗೆರೆ ಕೊಯ್ದ ಹಾಗೆ ಬದಲಾಗುತ್ತದೆ. ಮಾಮೂಲಿ ಎಂಡೋಸ್ಕೋಪಿಯ ಕೊಳವೆ ಜಠರದೊಳಗೆ ಮಾಡುವ ಒಂದು ಕೆಲಸವನ್ನು ಅವರು ಬೇರೊಂದು ವಿಡಿಯೋದಲ್ಲಿ ತೋರಿಸಿದರು. ಒಳಗೆ ಹೋದ ಮೇಲೆ ಅದರ ತುದಿ ಬಾಗಿ ಬಾಗಿ ಪೂರ್ತಿ ಹಿಂದಿರುಗುತ್ತದೆ, ಬಂದ ಬಾಗಿಲನ್ನೇ ನೋಡುತ್ತದೆ. ಬರುವಾಗ ಬೆನ್ನಿಗೆ ಬಿದ್ದ ಜಾಗದಲ್ಲಿ ಹುಣ್ಣೋ ಗಂಟೋ ಅಡಗಿರಬಹುದು, ಅದಕ್ಕೆ. ಪರದೆಯ ನಡುವೆ ಮೇಲಿನಿಂದ ಇಳಿದುಬಂದ ಒಂದು ಕರಿಯ ಕೊಳವೆ: ನೋಡುತ್ತಿರುವುದು ಅದೇ, ಕಾಣುತ್ತಿರುವುದೂ ಅದೇ. ಎಷ್ಟು ಸಲ ನೋಡಿದರೂ ನನಗೆ ಅದು ಹಳತಾಗುವುದಿಲ್ಲವೆಂದು ತೋರುತ್ತದೆ.

ಇದಕ್ಕಿಂತ ದೊಡ್ಡ ಅಚ್ಚರಿ ನೋವಿನದು. ಬೆರಳಿಗೆ ಮುಳ್ಳು ಚುಚ್ಚಿದರೆ ಜೀವ ಹೋದಂತಾಗುವ ನಮಗೆ, ಕರುಳಿನ ಒಳಪೊರೆಯನ್ನು ಕತ್ತರಿಸಿದರೆ ನೋವಿಲ್ಲ, ಸುಟ್ಟರೂ ನೋವಿಲ್ಲ. ಗಾಳಿ ತುಂಬಿ ಹಿಗ್ಗಿಸಿದರೆ, ಹಿಡಿದೆಳೆದರೆ ಮಾತ್ರ ತಡೆಯಲಾಗದ ಹೊಟ್ಟೆನೋವು. ಹಾಗಾಗಿಯೇ 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಕೊಳವೆಯ ತುದಿಯ ತಂತಿಕುಣಿಕೆಯಿಂದ ದೊಡ್ಡ ಕರುಳಿನ ಗಂಟನ್ನು ಬಿಗಿದು, ವಿದ್ಯುತ್ ಹಾಯಿಸಿ ಕತ್ತರಿಸಿ ತೆಗೆಯಲು ಸಾಧ್ಯವಾಯಿತು. ಮುಂದೆ ಎಂದೋ ಕ್ಯಾನ್ಸರ್ ಆಗಬಹುದಾದದ್ದನ್ನು ಅದು ಗಂಟಾಗಿರುವಾಗಲೇ ಕಿತ್ತು, ರೋಗಿಯನ್ನು ಸಂಜೆಗೆ ಮನೆಗೆ ಕಳಿಸುವುದು ಈಗ ದಿನನಿತ್ಯದ ಮಾತು. ದೇಹ ಚೂರಿಗೆ ಇಟ್ಟ ಕಾವಲನ್ನೆಲ್ಲ ಚರ್ಮದ ಮೇಲೆ ನಿಲ್ಲಿಸಿ, ಒಳಮನೆಯಲ್ಲಿ ಯಾರನ್ನೂ ಇಟ್ಟಿಲ್ಲ. ಅಲ್ಲಿಗೆ ಚೂರಿ ಬರುತ್ತದೆಂದು ಅದು ಎಣಿಸಿಯೇ ಇರಲಿಲ್ಲ.

ದೊಡ್ಡವ್ವನ ಕಲ್ಲಿನ ವಿಷಯಕ್ಕೆ ಬರುತ್ತೇನೆ. ತಿರುಮಕೂಡಲಿನಲ್ಲಿ ಕಪಿಲೆ ಬಂದು ಕಾವೇರಿಗೆ ಸೇರುವ ಜಾಗ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಪಿತ್ತಜನಕಾಂಗದಿಂದ ಇಳಿದು ಬರುವ ನಾಳ ಒಂದು, ಮೇದೋಜೀರಕ ಗ್ರಂಥಿಯಿಂದ ಅಡ್ಡ ಬರುವ ನಾಳ ಇನ್ನೊಂದು. ಎರಡೂ ಕೂಡಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಒಂದೇ ಬಾಯಾಗಿ ತೆರೆಯುತ್ತವೆ. ಆ ಬಾಯಿ ಕೆಲವೇ ಮಿಲಿಮೀಟರು. ಅದನ್ನು 1720ರಲ್ಲಿ ಅಬ್ರಹಾಂ ವಾಟರ್ ಗುರುತಿಸಿದ. ಅದರ ಸುತ್ತ ತೆರೆದು ಮುಚ್ಚುವ ಸ್ನಾಯುವಿನ ಉಂಗುರವನ್ನು 1887ರಲ್ಲಿ ವಿವರಿಸಿದವನು ರುಜ್ಜೇರೋ ಓಡಿ ಎಂಬ ಇಟಲಿಯ ವಿದ್ಯಾರ್ಥಿ. ಊಟವಾದಾಗ ಉಂಗುರ ಸಡಿಲವಾಗಿ ಪಿತ್ತರಸ ಹರಿಯುತ್ತದೆ, ಇಲ್ಲದಾಗ ಬಿಗಿದುಕೊಂಡಿರುತ್ತದೆ. ಕಲ್ಲು ಸಿಕ್ಕಿಕೊಳ್ಳುವುದು ಇಲ್ಲೇ. ಸಂಗಮದ ಬಾಯಿ ಕಟ್ಟಿದರೆ ನೀರು ಹಿಂದಕ್ಕೆ ಏರುವಂತೆ ಪಿತ್ತ ರಕ್ತಕ್ಕೇರಿ ಕಣ್ಣು ಹಳದಿಯಾಗುತ್ತದೆ.

ಈ ಬಾಯಿ ಕರುಳಿನ ಪಕ್ಕದ ಗೋಡೆಯಲ್ಲಿದೆ. ಆದ್ದರಿಂದ ಇದಕ್ಕೆ ಬಳಸುವ ಕೊಳವೆಯ ಕಣ್ಣೂ ತುದಿಯಲ್ಲಿರದೆ ಪಕ್ಕದಲ್ಲಿರುತ್ತದೆ. ಒಂದು ಕೋಣೆ, ಎಕ್ಸ್‌ರೇ ಯಂತ್ರ, ಸೀಸದ ನಿಲುವಂಗಿ ತೊಟ್ಟ ವೈದ್ಯರು. ಕೊಳವೆಯೊಳಗಿನ ಸಣ್ಣ ಓಣಿಯಲ್ಲಿ ತಂತಿಯೊಂದು ಇಳಿದು, ಆ ಪುಟ್ಟ ಬಾಯನ್ನು ಹೊಕ್ಕು, ಓಡಿಯ ಉಂಗುರವನ್ನು ವಿದ್ಯುತ್ತಿನಿಂದ ಸ್ವಲ್ಪವೇ ಕೊಯ್ಯುತ್ತದೆ. ಬಲೂನೋ ತಂತಿಬುಟ್ಟಿಯೋ ಒಳಗೆ ಹೋಗಿ ಕಲ್ಲನ್ನು ಕೆಳಕ್ಕೆಳೆಯುತ್ತದೆ. 1974ರಲ್ಲಿ ಜಪಾನ್ ಮತ್ತು ಜರ್ಮನಿಯ ವೈದ್ಯರು ಬೇರೆಬೇರೆಯಾಗಿ, ಹೆಚ್ಚುಕಮ್ಮಿ ಒಟ್ಟಿಗೇ, ಇದನ್ನು ಮಾಡಿ ತೋರಿಸುವ ತನಕ ಪಿತ್ತನಾಳದ ಕಲ್ಲಿಗೆ ಹೊಟ್ಟೆ ತೆರೆಯುವುದೇ ದಾರಿಯಾಗಿತ್ತು. ಇದೂ ನಿರಪಾಯವಲ್ಲ. ನೂರರಲ್ಲಿ ಕೆಲವರಿಗೆ ಮೇದೋಜೀರಕ ಗ್ರಂಥಿ ಕೆರಳಿ ಊದಿಕೊಳ್ಳುತ್ತದೆ, ಒಮ್ಮೊಮ್ಮೆ ರಕ್ತ ಸೋರುತ್ತದೆ, ಅಪರೂಪಕ್ಕೆ ಕರುಳು ತೂತಾಗುತ್ತದೆ. ಸಹಿ ಮಾಡುವ ಕಾಗದದಲ್ಲಿ ಇದೆಲ್ಲ ಇರುತ್ತದೆ. ಗಾಬರಿಯಲ್ಲಿ ಯಾರೂ ಓದುವುದಿಲ್ಲ.

ದೊಡ್ಡವ್ವನಿಗೆ ಎಲ್ಲ ಸಲೀಸಾಗಿ ಆಯಿತು. ಎಚ್ಚರವಾದ ಮೇಲೆ ಅವಳ ಮೊದಲ ದೂರು: “ನನ್ ಕಲ್ಲ ನಂಗ ತೋರುಸ್ನಿಲ್ವಲ್ಲ?” ತೋರಿಸುವುದಕ್ಕೆ ಅದನ್ನು ಹೊರಗೆ ತಂದೇ ಇರಲಿಲ್ಲ. ಕರುಳಿಗೆ ಬಿಟ್ಟಿದ್ದರು. ಮುಂದಿನ ದಾರಿ ಅದಕ್ಕೆ ಗೊತ್ತು. ಕಲ್ಲು ಹುಟ್ಟಿದ ಪಿತ್ತಕೋಶವನ್ನು ಆಮೇಲೆ ಲ್ಯಾಪರೋಸ್ಕೋಪಿಯಲ್ಲಿ ತೆಗೆದದ್ದು ಬೇರೆ ಕತೆ.

ಒಳಗೆ ಹೋಗಿ ನೋಡುವುದು, ಕತ್ತರಿಸುವುದು, ಕಲ್ಲು ಎಳೆಯುವುದು ಇಷ್ಟಾದರೂ ಊಹೆಗೆ ನಿಲುಕುತ್ತದೆ. ಅನ್ನನಾಳದ ಗೋಡೆಯ ಒಳಗೇ ನುಗ್ಗುವ ಚಿಕಿತ್ಸೆಯ ಬಗ್ಗೆ ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಕೂತೆ. ಅಕಲೇಸಿಯಾ ಎಂಬ ಕಾಯಿಲೆ ಅಪರೂಪದ್ದು, ವರ್ಷಕ್ಕೆ ಲಕ್ಷಕ್ಕೊಬ್ಬರ ಲೆಕ್ಕದ್ದು. ಅನ್ನನಾಳದ ಕೆಳಬಾಗಿಲು ಸಡಿಲವಾಗುವುದನ್ನೇ ಮರೆತುಬಿಡುತ್ತದೆ. ಉಂಡದ್ದು ಎದೆಯಲ್ಲೇ ನಿಲ್ಲುತ್ತದೆ, ನೀರೂ ಇಳಿಯುವುದಿಲ್ಲ. ನಂಜುಂಡ ಯಾವುದರಿಂದ ಲೋಕ ಉಳಿಸಿದನೋ ಅದೇ ಇವರಿಗೆ ಉಪವಾಸದ ಶಿಕ್ಷೆ. 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಇಂಥ ಒಬ್ಬ ರೋಗಿಗೆ ತಿಮಿಂಗಿಲದ ಬಾಯೆಲುಬಿನ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿಕೊಟ್ಟಿದ್ದ. ಆ ಮನುಷ್ಯ ವರ್ಷಗಟ್ಟಲೆ ಪ್ರತಿ ಊಟವನ್ನೂ ಅದರಿಂದ ತಾನೇ ಕೆಳಕ್ಕೆ ತಳ್ಳಿಕೊಂಡು ಬದುಕಿದ. 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಮೈ ತೆರೆದು ಆ ಬಿಗಿದ ಸ್ನಾಯುವನ್ನು ಕೊಯ್ದ. (ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದದ್ದೂ 1913ರಲ್ಲೇ. ಅದರ ಹಲ್ಲುಪುಡಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈ ಉದ್ದ ದಾರಿಯ ಹೆಬ್ಬಾಗಿಲನ್ನು ಬೆಳಬೆಳಗ್ಗೆ ಗುಲಾಬಿ ಮಾಡುತ್ತಿತ್ತು.)

ಮೈ ತೆರೆಯದೆ ಆ ಸ್ನಾಯುವನ್ನು ಕೊಯ್ಯುವುದು ಹೇಗೆಂದು 2008ರಲ್ಲಿ ಜಪಾನಿನ ಹರುಹಿರೊ ಇನೊವೆ ಮಾಡಿ ತೋರಿಸಿದ. ಅನ್ನನಾಳದ ಗೋಡೆ ಕೆಲವು ಮಿಲಿಮೀಟರ್ ದಪ್ಪ. ಅದರಲ್ಲೂ ಪದರಗಳು: ಒಳಪೊರೆ, ಅದರ ಹಿಂದೆ ಸಡಿಲ ಅಂಗಾಂಶ, ಅದರಾಚೆ ಸ್ನಾಯು. ಒಳಪೊರೆಯಲ್ಲಿ ಸಣ್ಣ ಸೀಳು ಮಾಡಿ, ಬಣ್ಣದ ನೀರು ತುಂಬಿ ಪದರಗಳನ್ನು ಬೇರೆ ಮಾಡಿ, ಕೊಳವೆಯನ್ನು ಆ ಸಂದಿಯೊಳಗೇ ನುಗ್ಗಿಸುತ್ತಾರೆ. ಗೋಡೆಯೊಳಗೆ ಸುರಂಗ. ಪರದೆಯ ಮೇಲೆ ನೀಲಿ ಜೇಡರ ಬಲೆಯಂಥ ಎಳೆಗಳು, ಅವುಗಳ ನಡುವೆ ಮೆಲ್ಲಗೆ ಕಡಿಯುತ್ತ ಜಠರದ ತನಕ ಹೋಗಿ, ಹಟ ಹಿಡಿದ ಸ್ನಾಯುವನ್ನು ಕೊಯ್ದು, ಹಿಂದಕ್ಕೆ ಬಂದು ಸೀಳಿಗೆ ಕ್ಲಿಪ್ಪು ಹಾಕಿ ಮುಚ್ಚುತ್ತಾರೆ. ಹೊರಗೆ ಮೈಮೇಲೆ ಒಂದು ಗೀರೂ ಇಲ್ಲ. ದೇಹದಲ್ಲಿ ಇಲ್ಲದ ಜಾಗವೊಂದನ್ನು ಸ್ವಲ್ಪ ಹೊತ್ತಿನ ಮಟ್ಟಿಗೆ ಸೃಷ್ಟಿಸಿ, ಕೆಲಸ ಮುಗಿಸಿ, ಮತ್ತೆ ಇಲ್ಲವಾಗಿಸುವುದು. ಈ ಚಿಕಿತ್ಸೆ ಈಗ ನಮ್ಮ ದೊಡ್ಡ ನಗರಗಳಲ್ಲೂ ನಡೆಯುತ್ತದೆ. ಬಹಳ ವರ್ಷಗಳ ಮೇಲೆ ಒಂದು ಲೋಟ ನೀರು ತಡೆಯಿಲ್ಲದೆ ಇಳಿದಾಗ ಆ ರೋಗಿಗೆ ಏನನ್ನಿಸಬಹುದು ಎಂಬುದನ್ನು ಲೆಕ್ಕ ಹಾಕುವ ಯಂತ್ರ ಇನ್ನೂ ಬಂದಿಲ್ಲ.

ಯಂತ್ರಗಳ ಬಗ್ಗೆ ಇಷ್ಟು ಹೇಳಿದ ಮೇಲೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ದೊಡ್ಡವ್ವನ ಚಿಕಿತ್ಸೆಯ ಹಿಂದಿನ ದಿನ ಫೋನಿನಲ್ಲಿ ಬಂದ ಒಂದು ಸೂಚನೆಯ ಕಡೆಗೆ. ರಾತ್ರಿಯಿಂದ ಏನೂ ತಿನ್ನಬಾರದು, ಖಾಲಿ ಹೊಟ್ಟೆಯಲ್ಲಿ ಬರಬೇಕು. ಜಠರದಲ್ಲಿ ಅನ್ನವಿದ್ದರೆ ಕಣ್ಣಿಗೆ ಮರೆ, ಮಂಪರಿನಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ನಾನು ಇದನ್ನು ಗಂಭೀರವಾಗಿ ಎರಡೆರಡು ಸಲ ಹೇಳಿದೆ. ದೊಡ್ಡವ್ವ ನಕ್ಕಳು. “ಅದ ನಮಗ ಯೋಳ್ಕೊಡ್ಬೇಕಾ?”

ಗುರುಮಲ್ಲೇಶ್ವರರ ದಾಸೋಹ ಮಠವಿರುವ ಊರು ದೇವನೂರು. ಬಂದವರಿಗೆ ಉಣಬಡಿಸುವುದೇ ಪೂಜೆಯಾಗಿರುವ ಕಡೆ ಹಸಿವಿನ ನೆನಪೂ ಗಟ್ಟಿಯಾಗಿಯೇ ಇರುತ್ತದೆ. ಖಾಲಿ ಹೊಟ್ಟೆ ಎಂಡೋಸ್ಕೋಪಿಯಲ್ಲಿ ಹೇಗೆ ಕಾಣುತ್ತದೆಂದು ನಾನು ವೈದ್ಯರನ್ನು ಕೇಳಿದೆ. ಮಡಿಕೆ ಮಡಿಕೆಯಾಗಿ ಮುದುಡಿಕೊಂಡ ಗೋಡೆ, ತಳದಲ್ಲಿ ತಿಳಿಯಾದ ಒಂದಿಷ್ಟು ನೀರು. ವೈದ್ಯರು ಹೇಳಿದರೆಂದು ರಾತ್ರಿ ಊಟ ಬಿಟ್ಟವನದೂ ಹಾಗೇ, ಇಲ್ಲವೆಂದು ಬಿಟ್ಟವನದೂ ಹಾಗೇ. ಹುಣ್ಣು ಕಾಣುತ್ತದೆ, ಗಂಟು ಕಾಣುತ್ತದೆ, ಕುಡಿದು ಲಿವರ್ ಕೆಟ್ಟವನ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಕಂಡು ಅದಕ್ಕೆ ಅಲ್ಲೇ ರಬ್ಬರ್ ಬ್ಯಾಂಡು ಹಾಕಿ ಪ್ರಾಣ ಉಳಿಸಲೂ ಆಗುತ್ತದೆ. ಹಸಿವಿಗೆ ಮಾತ್ರ ಅಲ್ಲಿ ಬಣ್ಣವಿಲ್ಲ, ಆಕಾರವಿಲ್ಲ. ಸಾಕವ್ವನ ಮನೆಯವರಿಗೆಲ್ಲ ಆ ಬೆಳಗ್ಗೆ ಕೊಳವೆ ಬಿಟ್ಟಿದ್ದರೆ ಕಡಲೆಕಾಯಿ ಸಿಕ್ಕಿಬೀಳುತ್ತಿತ್ತು. ಹಿಂದಿನ ರಾತ್ರಿ ಯಾಕೆ ಅಷ್ಟೊಂದು ತಿಂದರು ಎಂಬುದು ಪರದೆಯ ಮೇಲೆ ಬರುತ್ತಿರಲಿಲ್ಲ.

ಖಾಲಿ ಹೊಟ್ಟೆ ಸುಮ್ಮನಿರುವುದೂ ಇಲ್ಲ. ತಿಂದದ್ದೆಲ್ಲ ಇಳಿದ ಮೇಲೆ, ಸುಮಾರು ಒಂದೂವರೆ ಗಂಟೆಗೊಮ್ಮೆ, ಜಠರದಿಂದ ಹೊರಟ ಒಂದು ಅಲೆ ಸಣ್ಣ ಕರುಳಿನ ಉದ್ದಕ್ಕೂ ಉಳಿದ ಚೂರುಪಾರನ್ನು ಗುಡಿಸುತ್ತ ಹೋಗುತ್ತದೆ. ಹೊಟ್ಟೆ ಗುರುಗುಟ್ಟುವ ಸದ್ದಿನಲ್ಲಿ ಅದರ ಪಾಲೂ ಇದೆ. ಒಂದು ತುತ್ತು ಒಳಗೆ ಬಿದ್ದರೆ ಗುಡಿಸುವುದು ನಿಲ್ಲುತ್ತದೆ, ಅಡುಗೆಯ ಕೆಲಸ ಶುರುವಾಗುತ್ತದೆ.

ದೊಡ್ಡವ್ವನ ಹೊಟ್ಟೆ ಆ ಇಡೀ ದಿನ ಹಾಗೆ ಗುಡಿಸಿಕೊಂಡೇ ಇತ್ತು. ಮಾರನೆಯ ಬೆಳಗ್ಗೆ ರಕ್ತಪರೀಕ್ಷೆ ನೋಡಿ ಗಂಜಿ ಕೊಡಬಹುದೆಂದರು. ಡಿಸ್‌ಚಾರ್ಜ್ ಮಾಡುವಾಗ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಬಂದು, ಒಂದು ವಾರ ಎಣ್ಣೆ ಬೇಡ, ಖಾರ ಬೇಡ, ಮೆತ್ತಗಿರುವುದನ್ನೇ ತಿನ್ನಿ ಅಂದರು. ಮುದ್ದೆ ತಿನ್ನಬಹುದಾ ಎಂದು ನಾನು ಕೇಳಿದೆ. ತಿನ್ನಬಹುದು. ಉಪ್ಪುಸಾರಿನ ಖಾರ? ಅದು ಬೇಡ. ದೊಡ್ಡವ್ವ ಮಂಚದ ಮೇಲೆ ನೆಟ್ಟಗೆ ಕೂತಳು.

“ಖಾರ್ವ ಬುಟ್ಟು ಮುದ್ದ ಎಂಗ್ ಇಳಿತುದವ್ವ? ನಿನ್ ಪೈಪ್‌ನಾದ್ರೂ ನುಂಗ್ಬುಡ್ತೀನಿ.”

ಡಾಕ್ಟರಮ್ಮ ಪೆನ್ನು ತೆಗೆದು ಚೀಟಿಯಲ್ಲಿ ಒಂದು ವಾರವನ್ನು ಹೊಡೆದುಹಾಕಿ ಮೂರು ದಿನ ಎಂದು ಬರೆದರು.